ಗೆಲ್ಲುವ ಕುದುರೆ ಯಾವುದು, ಸ್ಟೇಜ್ ಎಷ್ಟು ಉದ್ದ ಇರಬೇಕು?

ಪ್ರಶ್ನೆ: ಟೂರ್ ಡಿ ಫ್ರಾನ್ಸ್, ಇಟಲಿಯ ಜಿರೊ, ಸ್ಪೇನ್‌ನ ವುವೆಲ್ಟಾ, ಈ ಮೂರು ಸೈಕಲ್ ರೇಸ್‌ಗಳನ್ನೂ ಕೆಲವು ವರ್ಷದಿಂದ ನೋಡುತ್ತಿದ್ದೇನೆ. ಎರಡು ಗೊಂದಲ ಇವೆ. ರೇಸ್ ಶುರುವಾಗುವ ಮುಂಚೆ ಎಲ್ಲರೂ ಹೇಳುವ ಹೆಸರುಗಳು ಎಷ್ಟೋ ಸಲ ಸುಳ್ಳಾಗುತ್ತವೆ. ಹಾಗಾದರೆ ಏನನ್ನು ನೋಡಿ ಊಹಿಸಬೇಕು? ಇನ್ನೊಂದು, 200 ಕಿ.ಮೀ. ಸ್ಟೇಜ್‌ಗಳಲ್ಲಿ (ಒಂದೊಂದು ದಿನದ ಓಟದಲ್ಲಿ) ಮೊದಲ ನಾಲ್ಕು ಗಂಟೆ ಏನೂ ಆಗುವುದಿಲ್ಲ. ಎಲ್ಲವನ್ನೂ 100-120 ಕಿ.ಮೀ.ಗೆ ಇಳಿಸಿದರೆ ಟಿ20 ಥರ ಮಜಾ ಬರುವುದಿಲ್ವಾ? ಇದು ವಿಜಯಪುರದ ಒಬ್ಬ ಓದುಗರ ಪ್ರಶ್ನೆ.

ಉತ್ತರ: ಸೈಕ್ಲಿಂಗ್ ಊರಿನಿಂದ ಬಂದ ಪ್ರಶ್ನೆ. ಹಾಗಾಗಿ ಸುಮ್ನೆ ಮೇಲಿಂದ ಮೇಲೆ ಹೇಳಿ ಮುಗಿಸುವ ಹಾಗಿಲ್ಲ. ನಿಮ್ಮ ಎರಡನೇ ಗೊಂದಲವನ್ನು ಮೊದಲು ತೆಗೆದುಕೊಳ್ಳುತ್ತೇನೆ. ಸ್ಟೇಜ್ ಉದ್ದ ಏನು ಕೆಲಸ ಮಾಡುತ್ತದೆ ಅಂತ ಗೊತ್ತಾದರೆ, ಯಾರು ಗೆಲ್ಲಬಹುದು ಅನ್ನುವುದೂ ಅರ್ಧ ತಿಳಿಯುತ್ತದೆ.

ಟಿ20 ಹೋಲಿಕೆ ಇಲ್ಲಿ ಕೂಡುವುದಿಲ್ಲ. ಒಂದು ಟಿ20 ಮ್ಯಾಚ್ ಮುಗಿದರೆ ಆ ಲೆಕ್ಕ ಅಲ್ಲಿಗೆ ಮುಗಿಯಿತು. ಮೂರು ವಾರದ ರೇಸ್‌ನಲ್ಲಿ 23 ದಿನದಲ್ಲಿ 21 ಸ್ಟೇಜ್ ಓಡಿಸುತ್ತಾರೆ. ಪ್ರತಿ ದಿನದ ಸಮಯವೂ ಒಂದೇ ಖಾತೆಗೆ ಬೀಳುತ್ತದೆ, ಕೊನೆಗೆ ಒಟ್ಟು ಸಮಯ ಕಡಿಮೆ ಇದ್ದವರು ಗೆಲ್ಲುತ್ತಾರೆ. ಸಮಯದ ಜೊತೆಗೆ ಸುಸ್ತೂ ಅದೇ ಖಾತೆಗೆ ಬೀಳುತ್ತದೆ. ಮಂಗಳವಾರ 200 ಕಿ.ಮೀ. ತುಳಿದ ಕಾಲೇ ಬುಧವಾರವೂ ತುಳಿಯಬೇಕು. ಚಿಕ್ಕ ಸ್ಟೇಜ್‌ನ ಮಜಾ ಎಷ್ಟೋ ಸಲ ಹಿಂದಿನ ದಿನದ ಉದ್ದ ಸ್ಟೇಜ್ ಕೊಟ್ಟ ಸಾಲ. ಎಲ್ಲವನ್ನೂ ಚಿಕ್ಕದು ಮಾಡಿದರೆ ಆ ಸಾಲ ಕೊಡುವವರೇ ಇರುವುದಿಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ 2011ರ ಟೂರ್. ಹದಿನೆಂಟನೇ ಸ್ಟೇಜ್ ಪಿನೆರೊಲೊದಿಂದ ಗಾಲಿಬಿಯೇ ಘಾಟಿಯ ತುದಿಗೆ, 200.5 ಕಿ.ಮೀ. ಮರುದಿನ ಮೊದಾನ್‌ನಿಂದ ಆಲ್ಪ್ ಡ್ಯುಯೆಜ್‌ಗೆ, ಬರೀ 109.5 ಕಿ.ಮೀ. ಉದ್ದದ ದಿನ ಆಂಡಿ ಶ್ಲೆಕ್ ಇನ್ನೂ 60 ಕಿ.ಮೀ. ಬಾಕಿ ಇರುವಾಗಲೇ ಇಜ಼ೋಆರ್ ಘಾಟಿಯಲ್ಲಿ ದಾಳಿ ಮಾಡಿ, ಅಂದರೆ ಏಕಾಏಕಿ ವೇಗ ಹೆಚ್ಚಿಸಿ ಗುಂಪನ್ನು ಬಿಟ್ಟು, ಒಬ್ಬರೇ ಹೋಗಿ ಗೆದ್ದರು. ಹಿಂದೆ ಕ್ಯಾಡೆಲ್ ಇವಾನ್ಸ್ ಹೆಚ್ಚುಕಡಿಮೆ ಒಂಟಿಯಾಗಿ ಗುಂಪನ್ನು ಎಳೆದು ನಷ್ಟವನ್ನು ಎರಡು ಕಾಲು ನಿಮಿಷಕ್ಕೆ ನಿಲ್ಲಿಸಿದರು. ಆಲ್ಬರ್ಟೊ ಕೊಂಟಾಡೋರ್ ಅವತ್ತು ಪೂರ್ತಿ ಸೋತು ಟೂರ್ ಗೆಲ್ಲುವ ಲೆಕ್ಕದಿಂದಲೇ ಹೊರಬಿದ್ದರು. ಕಳೆದುಕೊಳ್ಳಲು ಏನೂ ಇಲ್ಲದ ಕಾರಣಕ್ಕೇ ಮರುದಿನ ಅವರು ಮೊದಲ ಘಾಟಿ ಟೆಲಿಗ್ರಾಫ್‌ನಲ್ಲೇ ದಾಳಿಗೆ ಇಳಿದರು. ಮೂರೇ ಗಂಟೆ ಚಿಲ್ಲರೆಯ ಆ ಸ್ಟೇಜ್‌ನಲ್ಲಿ ರೇಸ್ ಚೆಲ್ಲಾಪಿಲ್ಲಿ ಆಯಿತು. ಸ್ಟೇಜ್ ಗೆದ್ದವರು ಪಿಯರ್ ರೋಲಾಂ, ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿ ಹೋಗಿದ್ದು ಶ್ಲೆಕ್‌ಗೆ. ಅದರ ಮರುದಿನದ ಟೈಮ್ ಟ್ರಯಲ್‌ನಲ್ಲಿ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಸ್ಟೇಜ್) ಇವಾನ್ಸ್ ಟೂರ್ ಗೆದ್ದರು. (ಕೊಂಟಾಡೋರ್ ಅವರ ಆ ವರ್ಷದ ಟೂರ್ ಫಲಿತಾಂಶ ಆಮೇಲೆ ರದ್ದಾಯಿತು. ಅದು ಬೇರೆ ಕತೆ.)

ಚಿಕ್ಕ ಸ್ಟೇಜ್ ಪರವಾಗಿ ಮಾತಾಡುವವರು ಆ 109 ಕಿ.ಮೀ. ದಿನವನ್ನು ಮಾತ್ರ ನೆನಪಿಸಿಕೊಳ್ಳುತ್ತಾರೆ. ಹಿಂದಿನ ದಿನದ 200 ಕಿ.ಮೀ. ಇಲ್ಲದಿದ್ದರೆ ಕೊಂಟಾಡೋರ್ ಇನ್ನೂ ಲೆಕ್ಕದಲ್ಲೇ ಇರುತ್ತಿದ್ದರು. ಲೆಕ್ಕದಲ್ಲಿ ಇರುವವನು ಮೊದಲ ಘಾಟಿಯಲ್ಲೇ ಜೂಜಾಡುವುದು ಅಪರೂಪ.

2016ರ ವುವೆಲ್ಟಾದಲ್ಲೂ ಹೀಗೇ ಆಯಿತು. ಸಬಿಞಾನಿಗೊದಿಂದ ಫೊರ್ಮಿಗಾಲ್‌ಗೆ 118.5 ಕಿ.ಮೀ. ಶುರುವಿನ ಕೆಲವೇ ಕಿಲೋಮೀಟರ್‌ನಲ್ಲಿ ಕೊಂಟಾಡೋರ್ ಜಿಗಿದರು, ನೈರೊ ಕಿಂಟಾನ ಅವರ ಹಿಂದೆಯೇ ಅಂಟಿಕೊಂಡು ಹೋದರು. ಕಿಂಟಾನ ಅವರ ಮುಖ್ಯ ಎದುರಾಳಿ ಕ್ರಿಸ್ ಫ್ರೂಮ್ ಹಿಂದಿನ ಗುಂಪಿನಲ್ಲಿ ಸಿಕ್ಕಿಬಿದ್ದರು. ಅವರ ತಂಡದವರು ಬಹುಪಾಲು ಅದಕ್ಕೂ ಹಿಂದೆ. ದಿನದ ಕೊನೆಗೆ ಕಿಂಟಾನಗೆ 2 ನಿಮಿಷ 37 ಸೆಕೆಂಡ್ ಲಾಭ. ಅವರು ಇಡೀ ವುವೆಲ್ಟಾ ಗೆದ್ದ ಅಂತರ 1 ನಿಮಿಷ 23 ಸೆಕೆಂಡ್. ಅಂದರೆ ಆ ಒಂದು ದಿನ ಇಲ್ಲದಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. ಅದರ ಹಿಂದಿನ ದಿನ ಏನಿತ್ತು? ಆ ವರ್ಷದ ಅತಿ ಕಷ್ಟದ ದಿನ, ಓಬಿಸ್ಕ್ ಘಾಟಿಗೆ 196 ಕಿ.ಮೀ. ಬೆಳಿಗ್ಗೆ ಎದ್ದಾಗ ಎಲ್ಲರ ಕಾಲೂ ಕಲ್ಲು.

ಇದೇ ದಿನ ಇನ್ನೊಂದು ತಾಪತ್ರಯವನ್ನೂ ತೋರಿಸಿತು. ಪ್ರತಿ ಸ್ಟೇಜ್‌ಗೂ ಗೆದ್ದವರ ಸಮಯಕ್ಕೆ ಇಷ್ಟು ಪರ್ಸೆಂಟ್ ಸೇರಿಸಿ ಒಂದು ಗಡುವು ಹಾಕುತ್ತಾರೆ. ಅದರೊಳಗೆ ಬರದವರು ಮನೆಗೆ. ಸ್ಟೇಜ್ ಚಿಕ್ಕದಾದಷ್ಟೂ ಆ ಗಡುವೂ ನಿಮಿಷದ ಲೆಕ್ಕದಲ್ಲಿ ಚಿಕ್ಕದಾಗುತ್ತದೆ. ಫೊರ್ಮಿಗಾಲ್‌ನಲ್ಲಿ 90ಕ್ಕೂ ಹೆಚ್ಚು ಸವಾರರು ಗಡುವು ಮೀರಿ ಬಂದರು. ಅಷ್ಟು ಜನರನ್ನು ಹೊರಗೆ ಹಾಕಿದರೆ ರೇಸೇ ಉಳಿಯುವುದಿಲ್ಲ ಅಂತ ತೀರ್ಪುಗಾರರು ಎಲ್ಲರನ್ನೂ ಉಳಿಸಿಕೊಂಡರು. 2022ರ ಟೂರ್‌ನಲ್ಲಿ ಪೇರಗ್ಯೂಡ್‌ಗೆ ಹೋಗುವ 130 ಕಿ.ಮೀ. ದಿನ ಸ್ಪ್ರಿಂಟರ್ (ಸಪಾಟು ರಸ್ತೆಯ ವೇಗದ ಓಟಗಾರ, ಏರಿನಲ್ಲಿ ನಿಧಾನ) ಫಾಬಿಯೊ ಯಾಕೊಬ್ಸನ್ ಕೆಲವೇ ಸೆಕೆಂಡ್ ಬಾಕಿ ಇರುವಾಗ ಗೆರೆ ದಾಟಿ ಬಿದ್ದುಬಿಟ್ಟರು. ಎಲ್ಲ ಸ್ಟೇಜ್ ಚಿಕ್ಕದಾಗಲಿ ಅನ್ನುವವರು ಸ್ಪ್ರಿಂಟರ್‌ಗಳನ್ನು ಒಂದು ಮಾತು ಕೇಳಬೇಕು.

ಈಗ ಇನ್ನೊಂದು ಮುಖ. ಚಿಕ್ಕದಾಗಿದ್ದೂ ಚಪ್ಪೆಯಾದ ದಿನಗಳಿವೆ. 2018ರ ಟೂರ್‌ನಲ್ಲಿ ಸಂಘಟಕರು ಧೈರ್ಯ ಮಾಡಿ 65 ಕಿ.ಮೀ. ಪರ್ವತ ಸ್ಟೇಜ್ ಇಟ್ಟರು. ಲುಶೋನ್‌ನಿಂದ ಪೋರ್ಟೆ ಘಾಟಿಗೆ. ಸಾಲದ್ದಕ್ಕೆ ಫಾರ್ಮುಲಾ ಒನ್ ಕಾರುಗಳ ಹಾಗೆ ಸವಾರರನ್ನು ಸ್ಥಾನದ ಪ್ರಕಾರ ಸಾಲಾಗಿ ನಿಲ್ಲಿಸಿದರು. ನಾಯಕರ ತಂಡ ಹಿಂದೆ ಉಳಿಯುತ್ತದೆ, ಮುಂದಿನವರು ಮೊದಲ ಏರಿನಲ್ಲೇ ಕಚ್ಚಾಡುತ್ತಾರೆ ಅನ್ನೋದು ಐಡಿಯಾ. ಆಗಿದ್ದೇನು? ಬಾವುಟ ಬೀಸಿದ ಮೇಲೆ ಮುಂದಿದ್ದವರು ಆರಾಮಾಗಿ ತುಳಿಯುತ್ತಾ ತಮ್ಮ ತಂಡದವರು ಬಂದು ಸೇರುವವರೆಗೆ ಕಾದರು. ನಿಜವಾದ ಜಗಳ ಕೊನೆಯ 16 ಕಿ.ಮೀ. ಏರಿನಲ್ಲಿ ಮಾತ್ರ. ಕಿಂಟಾನ ಗೆದ್ದರು, ಫ್ರೂಮ್ ಸ್ವಲ್ಪ ಸೋತು ಮೂರನೇ ಸ್ಥಾನಕ್ಕೆ ಇಳಿದರು, ಹಳದಿ ಜೆರ್ಸಿಯ ಗೆರೇಂಟ್ ಥಾಮಸ್ ಇನ್ನೂ ಗಟ್ಟಿಯಾದರು. ಕೆಟ್ಟ ದಿನ ಅಲ್ಲ. ಆದರೆ ಅಷ್ಟು ಡೋಲು ಬಾರಿಸಿದ್ದಕ್ಕೆ ಇಷ್ಟೇನಾ ಅನ್ನಿಸಿತು. ಹಿಂದಿನ ದಿನ 218 ಕಿ.ಮೀ. ಇತ್ತು ನಿಜ. ಆದರೆ ಅವತ್ತು ಬ್ರೇಕ್‌ಅವೇಯನ್ನು (ಗುಂಪು ಬಿಟ್ಟು ಮುಂದೆ ಹೋದ ಕೆಲವರನ್ನು) ಹೋಗಲಿ ಅಂತ ಬಿಟ್ಟು ದೊಡ್ಡವರೆಲ್ಲ ಒಟ್ಟಿಗೇ ಬಂದಿದ್ದರು. ಉದ್ದ ಇದ್ದರೆ ಸಾಲದು, ಆ ಉದ್ದವನ್ನು ಜೋರಾಗಿ ಓಡಬೇಕು.

2025ರ ಟೂರ್ ಅಂತೂ ಬೇಕಂತಲೇ ಪ್ರಯೋಗ ಮಾಡಿದ ಹಾಗಿತ್ತು. ಹತ್ತೊಂಬತ್ತನೇ ಸ್ಟೇಜ್ ಆಲ್ಬರ್ವಿಲ್‌ನಿಂದ ಲಾ ಪ್ಲಾಞ್‌ಗೆ ಸುಮಾರು 130 ಕಿ.ಮೀ. ಇರಬೇಕಿತ್ತು. ದಾರಿಯ ಒಂದು ಘಾಟಿಯಲ್ಲಿ ದನಗಳಿಗೆ ಚರ್ಮಗಂಟು ರೋಗ ಕಾಣಿಸಿಕೊಂಡಿತು. ನಮ್ಮ ಕಡೆಯ ರೈತರನ್ನೂ ಕಾಡಿದ ಅದೇ ರೋಗ. ಹಾಗಾಗಿ ಆ ಭಾಗ ಬಿಟ್ಟು ಸ್ಟೇಜನ್ನು 93 ಕಿ.ಮೀ.ಗೆ ಇಳಿಸಿದರು. ಹಿಂದಿನ ದಿನ ಲೋಜ಼್ ಘಾಟಿಗೆ ಹೋದ, 170 ಕಿ.ಮೀ. ದಾಟಿದ ಭಯಂಕರ ಸ್ಟೇಜ್. ನಾನು ಮೇಲೆ ಹೇಳಿದ ಲೆಕ್ಕದ ಪ್ರಕಾರ ಬೆಂಕಿ ಹತ್ತಬೇಕಿತ್ತು. ಹತ್ತಲಿಲ್ಲ. ಥೈಮನ್ ಆರೆನ್ಸ್‌ಮನ್ ಕೊನೆಯ ಏರಿನಲ್ಲಿ ಹೋಗಿ ಎರಡೇ ಸೆಕೆಂಡ್‌ನಲ್ಲಿ ಗೆದ್ದರು. ಹಿಂದೆ ತಾದೇಯ್ ಪೊಗಾಚಾರ್ ಮತ್ತು ಯೋನಾಸ್ ವಿಂಗೆಗೋ ಒಬ್ಬರನ್ನೊಬ್ಬರು ನೋಡುತ್ತಾ ಒಟ್ಟಿಗೇ ಬಂದರು. ಯಾಕೆ? ಪೊಗಾಚಾರ್ ಆಗಲೇ ನಾಲ್ಕು ನಿಮಿಷಕ್ಕಿಂತ ಜಾಸ್ತಿ ಮುಂದಿದ್ದರು. ಅವರಿಗೆ ದಾಳಿ ಬೇಕಿರಲಿಲ್ಲ. ವಿಂಗೆಗೋಗೆ ಎರಡನೇ ಸ್ಥಾನ ಭದ್ರವಾಗಿತ್ತು, ದಾಳಿ ಮಾಡಿ ಅದನ್ನೂ ಕಳೆದುಕೊಳ್ಳುವ ಮನಸ್ಸಿರಲಿಲ್ಲ. ಅಂತರ ತೀರ್ಮಾನವಾಗಿಬಿಟ್ಟ ಮೇಲೆ 93 ಇರಲಿ 193 ಇರಲಿ, ಅಷ್ಟೇ.

ಹಾಗಾದರೆ 200 ಕಿ.ಮೀ. ಸ್ಟೇಜ್ ಬೋರ್ ಅನ್ನುವ ಮಾತು? ಕಳೆದ ಹತ್ತು ವರ್ಷದಲ್ಲಿ ನೀವು ನೋಡಿರಬಹುದಾದ ದಿನಗಳನ್ನೇ ನೆನಪಿಸಿಕೊಳ್ಳಿ. 2018ರ ಜಿರೊದಲ್ಲಿ ಬಾರ್ಡೊನೆಕ್ಕಿಯಾಗೆ ಹೋದ ಸುಮಾರು 185 ಕಿ.ಮೀ. ದಿನ. ಫ್ರೂಮ್ ನಾಲ್ಕನೇ ಸ್ಥಾನದಲ್ಲಿದ್ದರು, ಗುಲಾಬಿ ಜೆರ್ಸಿಯ (ಜಿರೊದಲ್ಲಿ ಮುಂದಿರುವವರ ಅಂಗಿ) ಸೈಮನ್ ಯೇಟ್ಸ್‌ಗಿಂತ 3 ನಿಮಿಷ 22 ಸೆಕೆಂಡ್ ಹಿಂದೆ. ಫಿನೆಸ್ಟ್ರೆ ಘಾಟಿಯ ಜಲ್ಲಿ ರಸ್ತೆಯಲ್ಲಿ ದಾಳಿ ಮಾಡಿ 80 ಕಿ.ಮೀ. ಒಬ್ಬರೇ ಹೋದರು. ಯೇಟ್ಸ್ 38 ನಿಮಿಷ ಕಳೆದುಕೊಂಡರು. ಏಳು ವರ್ಷದ ಮೇಲೆ, 2025ರಲ್ಲಿ, ಅದೇ ಫಿನೆಸ್ಟ್ರೆ, ಈ ಸಲ ಸ್ಟೇಜ್ 205 ಕಿ.ಮೀ. ಯೇಟ್ಸ್ 1 ನಿಮಿಷ 21 ಸೆಕೆಂಡ್ ಹಿಂದೆ ಮೂರನೆಯವರಾಗಿದ್ದರು. ಮೊದಲ ಎರಡು ಸ್ಥಾನದ ಐಸಾಕ್ ಡೆಲ್ ಟೊರೊ ಮತ್ತು ರಿಚರ್ಡ್ ಕರಪಾಜ್ ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕೂತರು. ಯೇಟ್ಸ್ ಜಾರಿಕೊಂಡರು. ಮುಂದೆ ಬ್ರೇಕ್‌ಅವೇಯಲ್ಲಿ ಮೊದಲೇ ಹೋಗಿದ್ದ ಅವರ ತಂಡದ ವೌಟ್ ವಾನ್ ಆರ್ಟ್ ಕಾದಿದ್ದು ಘಾಟಿ ಆಚೆಗಿನ ಕಣಿವೆಯಲ್ಲಿ ಎಳೆದುಕೊಂಡು ಹೋದರು. ಜಿರೊ ಯೇಟ್ಸ್ ಪಾಲಾಯಿತು. ಅವರ ತಂಡ ಒಬ್ಬ ಗಟ್ಟಿ ಆಳನ್ನು ಬೆಳಿಗ್ಗೆಯೇ ಮುಂದೆ ಕಳಿಸಿ ಕೂರಿಸುವುದಕ್ಕೆ ಆ ಉದ್ದ ಬೇಕಿತ್ತು. 90 ಕಿ.ಮೀ. ಸ್ಟೇಜ್‌ನಲ್ಲಿ ಅಂಥ ಬಲೆ ಹೆಣೆಯುವುದು ಕಷ್ಟ.

ಘಾಟಿಯೇ ಬೇಕು ಅಂತಲೂ ಇಲ್ಲ. 2021ರ ಟೂರ್‌ನ ಏಳನೇ ಸ್ಟೇಜ್, ವಿಯೆರ್ಜ಼ೋನ್‌ನಿಂದ ಲೆ ಕ್ರೂಜ಼ೋಗೆ 249.1 ಕಿ.ಮೀ. 21 ವರ್ಷದಲ್ಲೇ ಉದ್ದದ್ದು. ಪತ್ರಿಕೆಗಳಲ್ಲಿ ಮೊದಲೇ ಗೊಣಗಾಟ ಶುರುವಾಗಿತ್ತು. ಹಳದಿ ಜೆರ್ಸಿ ತೊಟ್ಟ ಮ್ಯಾಥ್ಯೂ ವಾನ್ ಡರ್ ಪೂಲ್ ತಾವೇ ಬ್ರೇಕ್‌ಅವೇಗೆ ನುಗ್ಗಿದರು, ವಾನ್ ಆರ್ಟ್ ಜೊತೆಗೆ ಸೇರಿದರು. ಹಿಂದೆ ಪೊಗಾಚಾರ್ ತಂಡ ದಿನವಿಡೀ ಬೆವರು ಹರಿಸಿತು. ಆ ವಾರ ಬಿದ್ದು ಪೆಟ್ಟಾಗಿದ್ದ ಪ್ರಿಮೋಜ಼್ ರೋಗ್ಲಿಚ್ ಸುಮಾರು ನಾಲ್ಕು ನಿಮಿಷ ಕಳೆದುಕೊಂಡರು. ಅವರ ಟೂರ್ ಅಲ್ಲಿಗೇ ಮುಗಿದಂತೆ. ಸ್ಟೇಜ್ 120 ಕಿ.ಮೀ. ಆಗಿದ್ದರೆ ಆ ಗಾಯ ಬಹುಶಃ ಮುಚ್ಚಿಹೋಗುತ್ತಿತ್ತು.

ಹಾಗಂತ ಹಳೆಯ ಕಾಲಕ್ಕೆ ಹೋಗೋಣ ಅಂತ ಹೇಳುತ್ತಿಲ್ಲ. 1926ರ ಟೂರ್ 5,745 ಕಿ.ಮೀ. ಇತ್ತು, ಅದೂ ಹದಿನೇಳೇ ಸ್ಟೇಜ್‌ನಲ್ಲಿ. ಬಯೋನ್‌ನಿಂದ ಲುಶೋನ್‌ಗೆ 326 ಕಿ.ಮೀ. ಮಳೆ, ಕೆಸರು, ಚಳಿ. ಅವತ್ತು ಗೆದ್ದ ಲೂಸಿಯಾಂ ಬೈಸೆಗೇ 17 ಗಂಟೆ ಮೀರಿ ಹಿಡಿಯಿತು. ಅದು ರೇಸ್‌ಗಿಂತ ಶಿಕ್ಷೆ. 1987ರಲ್ಲೂ 25 ಸ್ಟೇಜ್, 4,231 ಕಿ.ಮೀ. ಓಡಿಸುತ್ತಿದ್ದರು. ಈಗ 3,300-3,500ಕ್ಕೆ ಬಂದು ನಿಂತಿದೆ. ಹಾಗೆ ನೋಡಿದರೆ ಗ್ರೆಗ್ ಲೆಮೊಂಡ್ ಕೊನೇ ದಿನ ಲೊರಾಂ ಫಿನ್ಯೋಂ ಅವರನ್ನು 8 ಸೆಕೆಂಡ್‌ನಲ್ಲಿ ಸೋಲಿಸಿದ 1989ರ ಟೂರ್ 3,285 ಕಿ.ಮೀ. ಮಾತ್ರ. ಒಟ್ಟು ಉದ್ದ ಇಳಿಸುವುದು ಹೊಸ ಚಿಂತನೆ ಏನಲ್ಲ.

ದೇಹದೊಳಗೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ನೋಡೋಣ, ಯಾಕಂದರೆ ಊಹೆಯ ವಿಷಯ ಇಲ್ಲಿಂದಲೇ ಶುರು. ಮೊದಲ ಹತ್ತು ಜನರನ್ನು ತಾಜಾ ಇರುವಾಗ ಒಂದು ಏರಿನಲ್ಲಿ 20 ನಿಮಿಷ ತುಳಿಯಲು ಬಿಟ್ಟರೆ ತೂಕಕ್ಕೆ ಹೋಲಿಸಿದ ವಾಟ್ ಲೆಕ್ಕದಲ್ಲಿ ಅವರ ನಡುವೆ ದೊಡ್ಡ ವ್ಯತ್ಯಾಸ ಸಿಗುವುದಿಲ್ಲ. ನಾಲ್ಕು ಗಂಟೆ ತುಳಿದ ಮೇಲೆ, ಎರಡು ಘಾಟಿ ದಾಟಿದ ಮೇಲೆ, ಹದಿನೇಳನೇ ದಿನ ಅದೇ 20 ನಿಮಿಷ ಕೊಡಿ. ಆಗ ಕೆಲವರು ಮೊದಲ ದಿನದ ಹತ್ತಿರದಲ್ಲೇ ಇರುತ್ತಾರೆ, ಕೆಲವರು ಕುಸಿದಿರುತ್ತಾರೆ. ಸೈಕ್ಲಿಂಗ್ ಕೋಚ್‌ಗಳು ಇದನ್ನು ಡ್ಯೂರಬಿಲಿಟಿ ಅನ್ನುತ್ತಾರೆ. ಮೂರು ವಾರದ ರೇಸ್ ಅಳೆಯುವುದು ಇದನ್ನೇ. ಸ್ಟೇಜ್ ಎಲ್ಲ ಚಿಕ್ಕದಾದರೆ ತಾಜಾ ಕಾಲಿನ ಸ್ಪರ್ಧೆ ಆಗುತ್ತದೆ. ಅಂಥ ರೇಸ್‌ಗಳು ವರ್ಷವಿಡೀ ಇವೆ, ವಾರದ ರೇಸ್‌ಗಳು ಅಂತ.

ಊಟದ ವಿಷಯವೂ ಇದೆ. ಈಗಿನ ಸವಾರರು ಗಂಟೆಗೆ 90ರಿಂದ 120 ಗ್ರಾಂ ಕಾರ್ಬೊಹೈಡ್ರೇಟ್ ಹೊಟ್ಟೆಗೆ ಹಾಕುತ್ತಾರೆ, ಜೆಲ್ ಮತ್ತು ಪಾನಕದ ರೂಪದಲ್ಲಿ. ಮೊದಲು ಇಷ್ಟು ತಿಂದರೆ ಹೊಟ್ಟೆ ಕೆಡುತ್ತದೆ ಅನ್ನುತ್ತಿದ್ದರು. ಈಗ ಹೊಟ್ಟೆಗೂ ತರಬೇತಿ ಕೊಡುತ್ತಾರೆ. ಇದರಿಂದ ಉದ್ದದ ದಿನದ ಕೊನೆಯಲ್ಲೂ ಜೋರು ದಾಳಿ ನೋಡಲು ಸಿಗುತ್ತಿದೆ. 2024ರಲ್ಲಿ ಪ್ಲಾಟೋ ದ ಬೇಯ್‌ಗೆ 198 ಕಿ.ಮೀ. ಬಂದ ಮೇಲೆ ಪೊಗಾಚಾರ್ ಆ ಏರಿನಲ್ಲಿ ಮಾರ್ಕೊ ಪಂತಾನಿಯ 1998ರ ದಾಖಲೆಯನ್ನು ನಿಮಿಷಗಳ ಅಂತರದಲ್ಲಿ ಮುರಿದರು. ದಿನದ ಉದ್ದ ಅವರಿಗೆ ಏನೂ ಅಡ್ಡಿ ಆಗಲಿಲ್ಲ, ಬೇರೆಯವರಿಗೆ ಆಯಿತು.

ಅದೇ ಪೊಗಾಚಾರ್ 2023ರಲ್ಲಿ ಲೋಜ಼್ ಘಾಟಿಯಲ್ಲಿ ರೇಡಿಯೋದಲ್ಲಿ "ನಾನು ಮುಗಿದೆ, ಸತ್ತೆ" ಅಂದಿದ್ದು ಇಡೀ ಜಗತ್ತು ಕೇಳಿತು. ಅವತ್ತು ವಿಂಗೆಗೋಗೆ 5 ನಿಮಿಷ 45 ಸೆಕೆಂಡ್ ಕೊಟ್ಟರು. ಅದಕ್ಕೂ ಹಿಂದಿನ ವರ್ಷ ಗ್ರಾನೊನ್ ಘಾಟಿಯಲ್ಲಿ 2 ನಿಮಿಷ 51 ಸೆಕೆಂಡ್. ಎರಡೂ ಸಲ ಕೊನೆಯ ಏರಿಗೆ ಬರುವ ಹೊತ್ತಿಗೇ ಅವರ ಡಬ್ಬಿ ಖಾಲಿ. ಗ್ರಾನೊನ್ ದಿನ ಅದಕ್ಕೂ ಮುಂಚೆ ಗಾಲಿಬಿಯೇಯಲ್ಲಿ ರೋಗ್ಲಿಚ್ ಮತ್ತು ವಿಂಗೆಗೋ ಸರದಿಯ ಮೇಲೆ ಜಿಗಿದು ಅವರನ್ನು ದಣಿಸಿದ್ದರು. 2023ರಲ್ಲಿ ಕಾರಣ ಏಪ್ರಿಲ್‌ನಲ್ಲೇ ಇತ್ತು. ಲಿಯೇಜ್ ರೇಸ್‌ನಲ್ಲಿ ಬಿದ್ದು ಮಣಿಕಟ್ಟು ಮುರಿದು ತರಬೇತಿ ತಪ್ಪಿತ್ತು. ಎರಡು ವಾರ ಗೊತ್ತೇ ಆಗಲಿಲ್ಲ. ಮೂರನೇ ವಾರ ಬಯಲಾಯಿತು.

ನಿಮ್ಮ ಮೊದಲ ಪ್ರಶ್ನೆಗೆ ಇದೇ ದಾರಿ. ಯಾರನ್ನಾದರೂ ಗೆಲ್ಲುವ ಕುದುರೆ ಅನ್ನುವ ಮುಂಚೆ ನಾನು ಕೇಳಿಕೊಳ್ಳುವುದು ಒಂದೇ: ಇವರು ಹಿಂದೆ ಯಾವುದಾದರೂ ಮೂರು ವಾರದ ರೇಸ್‌ನ ಕೊನೇ ವಾರದಲ್ಲಿ, ಐದು ಗಂಟೆಯ ದಿನದ ಕೊನೆಯಲ್ಲಿ, ಹೇಗಿದ್ದರು? ಅದಕ್ಕೆ ಮುಂಚಿನ ಒಂದು ವಾರದ ರೇಸ್ ಗೆದ್ದರಾ ಅನ್ನುವುದಕ್ಕಿಂತ ಇದು ಮುಖ್ಯ. ಜನ ಸಾಮಾನ್ಯವಾಗಿ ಜೂನ್‌ನ ಡೊಫಿನೆ ರೇಸ್ ನೋಡಿ ಟೂರ್ ಊಹಿಸುತ್ತಾರೆ. 2012ರಿಂದ 2025ರವರೆಗೆ ಹದಿನಾಲ್ಕು ವರ್ಷದಲ್ಲಿ ಏಳು ಸಲ ಡೊಫಿನೆ ಗೆದ್ದವರೇ ಟೂರ್ ಗೆದ್ದರು. ವಿಗಿನ್ಸ್ 2012ರಲ್ಲಿ, ಫ್ರೂಮ್ ಮೂರು ಸಲ, ಥಾಮಸ್ 2018ರಲ್ಲಿ, ವಿಂಗೆಗೋ 2023ರಲ್ಲಿ, ಪೊಗಾಚಾರ್ 2025ರಲ್ಲಿ. ಉಳಿದ ಏಳು ಸಲ ಬೇರೆಯವರು. ಯಾಕೋಬ್ ಫುಗ್ಲ್‌ಸಾಂಗ್ ಎರಡು ಸಲ ಡೊಫಿನೆ ಗೆದ್ದರು, ಟೂರ್‌ನಲ್ಲಿ ಹತ್ತಿರಕ್ಕೂ ಬರಲಿಲ್ಲ. ಹದಿನಾಲ್ಕಕ್ಕೆ ಏಳು. ನಾಣ್ಯ ಚಿಮ್ಮಿದರೂ ಇಷ್ಟೇ ಬರುತ್ತದೆ ಅಂತ ನಗಬೇಡಿ. 170ಕ್ಕೂ ಹೆಚ್ಚು ಸವಾರರಲ್ಲಿ ಒಬ್ಬರನ್ನು ಹೇಳಿ ಅರ್ಧ ಸಲ ಸರಿ ಬರುವುದು ಸಣ್ಣ ವಿಷಯ ಅಲ್ಲ. ಆದರೆ ಅದು ಎಂಟು ದಿನದ ರೇಸ್. ಮೂರನೇ ವಾರದ ಬಗ್ಗೆ ಅದು ಬಾಯಿ ಬಿಡುವುದಿಲ್ಲ.

ಆಮೇಲೆ ಮಾರ್ಗ ನೋಡಿ. ಮುಖ್ಯವಾಗಿ ಟೈಮ್ ಟ್ರಯಲ್ ಕಿಲೋಮೀಟರ್. 2012ರ ಟೂರ್‌ನಲ್ಲಿ ಒಂಟಿ ಟೈಮ್ ಟ್ರಯಲ್ 100 ಕಿ.ಮೀ. ದಾಟಿತ್ತು. ಬ್ರಾಡ್ಲಿ ವಿಗಿನ್ಸ್‌ಗೆ ಹೇಳಿ ಹೊಲಿಸಿದ ಅಂಗಿ. ಮೂರೇ ವರ್ಷದ ಮೇಲೆ, 2015ರಲ್ಲಿ, 13.8 ಕಿ.ಮೀ. ಮಾತ್ರ. 2024ರಲ್ಲಿ 59 ಕಿ.ಮೀ. ಇತ್ತು, ರೆಮ್ಕೊ ಎವೆನಪೂಲ್ ಮೊದಲ ಪ್ರಯತ್ನದಲ್ಲೇ ಮೂರನೆಯವರಾದರು. ಅವರು ಗಟ್ಟಿಗರೇ, ಆದರೆ ಆ 59 ಕಿ.ಮೀ. ಇಲ್ಲದಿದ್ದರೆ ಅಷ್ಟು ಆರಾಮಾಗಿ ವೇದಿಕೆ ಹತ್ತುತ್ತಿರಲಿಲ್ಲ. ಸವಾರರ ಹೆಸರು ನೋಡುವ ಮುಂಚೆ ಈ ಒಂದು ಅಂಕಿ ನೋಡಿಕೊಂಡರೆ ಸಾಕಷ್ಟು ಹೆಸರು ತಾನಾಗಿ ಕಳಚುತ್ತವೆ.

ತಂಡವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. 2023ರ ವುವೆಲ್ಟಾಗೆ ಒಂದೇ ತಂಡದಿಂದ ರೋಗ್ಲಿಚ್, ವಿಂಗೆಗೋ ಇಬ್ಬರೂ ಬಂದಿದ್ದರು. ಗೆದ್ದಿದ್ದು ಅವರಿಬ್ಬರಿಗೂ ಸಹಾಯ ಮಾಡಲು ಬಂದ ಸೆಪ್ ಕುಸ್. ಆರನೇ ಸ್ಟೇಜ್‌ನಲ್ಲಿ ದೊಡ್ಡ ಬ್ರೇಕ್‌ಅವೇಗೆ ಸೇರಿ ಸಮಯ ಗಳಿಸಿದ್ದರು, ಕೊನೆಗೆ ಅದೇ ಉಳಿಯಿತು. ಮರುವರ್ಷ ಅದೇ ವುವೆಲ್ಟಾದ ಆರನೇ ಸ್ಟೇಜ್‌ನಲ್ಲೇ ಬೆನ್ ಒಕಾನರ್ ಬ್ರೇಕ್‌ಅವೇಯಲ್ಲಿ ಹೋಗಿ ಐದು ನಿಮಿಷದ ಹತ್ತಿರ ಮುನ್ನಡೆ ಪಡೆದರು. ಈ ಸಲ ರೋಗ್ಲಿಚ್ ಎರಡು ವಾರ ತೆಗೆದುಕೊಂಡು ಅದನ್ನು ಕರಗಿಸಿದರು, ಒಕಾನರ್ ಎರಡನೆಯವರಾದರು. ಒಂದು ಕಡೆ ಹಿಂದೆ ಅಟ್ಟಬೇಕಾದವರೇ ಗೆದ್ದವನ ಸ್ನೇಹಿತರು. ಇನ್ನೊಂದು ಕಡೆ ಅಟ್ಟುವವರು ಎದುರಾಳಿಗಳು. ಯಾವ ವಾಟ್ ಲೆಕ್ಕವೂ ಇದನ್ನು ಹೇಳುವುದಿಲ್ಲ.

ಇನ್ನು ಬೀಳುವುದು, ಕಾಯಿಲೆ. 2020ರ ಜಿರೊದಲ್ಲಿ ಥಾಮಸ್ ರಸ್ತೆಯಲ್ಲಿ ಬಿದ್ದಿದ್ದ ನೀರಿನ ಬಾಟಲಿಗೆ ತಾಗಿ ಬಿದ್ದು ಹೊರನಡೆದರು. ಬಿದ್ದಿದ್ದು ಮೂರನೇ ಸ್ಟೇಜ್‌ನ ಅಧಿಕೃತ ಓಟ ಶುರುವಾಗುವುದಕ್ಕೂ ಮುಂಚೆ. ಗೆದ್ದವರು ಅವರದೇ ತಂಡದ, ಯಾರ ಪಟ್ಟಿಯಲ್ಲೂ ಇಲ್ಲದ ಟಾವೊ ಗೇಗನ್ ಹಾರ್ಟ್. 2023ರ ಜಿರೊದಲ್ಲಿ ಎವೆನಪೂಲ್ ಗುಲಾಬಿ ಜೆರ್ಸಿ ತೊಟ್ಟ ರಾತ್ರಿಯೇ ಕೋವಿಡ್ ಅಂತ ಮನೆಗೆ ಹೋದರು. ಇದನ್ನು ಯಾರೂ ಊಹಿಸಲಾರರು. ಹಾಗಾಗಿ ಒಂದೇ ಹೆಸರಿಗೆ ಗಂಟು ಬೀಳುವುದು ಬೇಡ. ನಾನು ಹೆಸರುಗಳನ್ನು ಸಾಲಾಗಿ ಇಡುವುದಿಲ್ಲ, ಗುಂಪು ಮಾಡುತ್ತೇನೆ. ಎಲ್ಲ ಸರಿ ಇದ್ದರೆ ಗೆಲ್ಲುವವರು, ಇನ್ನೊಬ್ಬರು ಎಡವಿದರೆ ಗೆಲ್ಲುವವರು, ಮೊದಲ ಐದರಲ್ಲಿ ಇರುವವರು. ಮೊದಲ ಗುಂಪಿನಲ್ಲಿ ಸಾಮಾನ್ಯವಾಗಿ ಇಬ್ಬರಿಗಿಂತ ಜಾಸ್ತಿ ಇರುವುದಿಲ್ಲ. ಕೆಲವು ವರ್ಷ ಒಬ್ಬರೇ.

ನಿಮ್ಮ ದೂರಿನಲ್ಲಿ ಒಂದು ಭಾಗ ಪೂರ್ತಿ ನಿಜ. ಸಪಾಟು ಸ್ಟೇಜ್‌ಗಳು. ಗುಂಪಿನೊಳಗೆ ಗಾಳಿ ಮರೆಯಲ್ಲಿ ಕೂತವನಿಗೆ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಮುಂದೆ ಹೋದ ಇಬ್ಬರು ಮೂವರನ್ನು ಸ್ಪ್ರಿಂಟ್ ತಂಡಗಳು ಹಗ್ಗ ಕಟ್ಟಿದ ಹಾಗೆ ಎರಡು ಮೂರು ನಿಮಿಷದ ದೂರದಲ್ಲಿ ಇಟ್ಟುಕೊಂಡು ಕೊನೆಗೆ ಎಳೆದುಕೊಳ್ಳುತ್ತವೆ. ಇಲ್ಲಿ 200 ಕಿ.ಮೀ.ನಿಂದ ಯಾರಿಗೂ ಲಾಭವಿಲ್ಲ. ಮತ್ತೆ ಯಾಕೆ ಇಡುತ್ತಾರೆ? ಶುರುವಾಗುವ ಊರು, ಮುಗಿಯುವ ಊರು ಎರಡೂ ದುಡ್ಡು ಕೊಟ್ಟು ರೇಸ್ ಕರೆಸಿಕೊಳ್ಳುತ್ತವೆ. ಆ ಎರಡು ಊರಿನ ನಡುವೆ ಎಷ್ಟು ದೂರ ಇದೆಯೋ ಸ್ಟೇಜ್ ಅಷ್ಟು ಉದ್ದ. ಪರ್ವತದಿಂದ ಪರ್ವತಕ್ಕೆ ಹೋಗಲು ಮಧ್ಯದ ಬಯಲು ದಾಟಲೇಬೇಕು. 2017ರಿಂದ ಟೂರ್‌ನ ಪ್ರತಿ ಸ್ಟೇಜನ್ನೂ ಮೊದಲಿನಿಂದ ಕೊನೆವರೆಗೆ ಟಿವಿಯಲ್ಲಿ ತೋರಿಸುತ್ತಾರೆ. ಮೊದಲು ಈ ಖಾಲಿ ಗಂಟೆಗಳು ಯಾರಿಗೂ ಕಾಣುತ್ತಿರಲಿಲ್ಲ, ಈಗ ಕಾಣುತ್ತವೆ. ನಾನಾದರೆ ಸಪಾಟು ಸ್ಟೇಜ್‌ಗಳನ್ನು 150ಕ್ಕೆ ಇಳಿಸುತ್ತೇನೆ. ಅಡ್ಡಗಾಳಿ ಬೀಸುವ ಕಡೆ ಮಾತ್ರ ಬಿಟ್ಟುಬಿಡುತ್ತೇನೆ. 2020ರಲ್ಲಿ ಲಾವೋರ್‌ಗೆ ಹೋದ 168 ಕಿ.ಮೀ. ದಿನ ಗಾಳಿಗೆ ಗುಂಪು ಹರಿದು ಪೊಗಾಚಾರ್ 1 ನಿಮಿಷ 21 ಸೆಕೆಂಡ್ ಕಳೆದುಕೊಂಡಿದ್ದರು. ಆ ನಷ್ಟ ಇದ್ದದ್ದಕ್ಕೇ ಕೊನೆಯ ಟೈಮ್ ಟ್ರಯಲ್‌ನಲ್ಲಿ ಅವರು ರೋಗ್ಲಿಚ್ ಕೈಯಿಂದ ಟೂರ್ ಕಿತ್ತುಕೊಂಡಿದ್ದು ಅಷ್ಟು ದೊಡ್ಡ ಸುದ್ದಿ ಆಯಿತು. ಅಲ್ವಾ?

ಪರ್ವತದ ದಿನಗಳನ್ನು ಮಾತ್ರ ಮುಟ್ಟುವುದಿಲ್ಲ. ಮೂರು ವಾರದಲ್ಲಿ 190ರ ಮೇಲಿನ ಪರ್ವತ ಸ್ಟೇಜ್ ಎರಡಾದರೂ ಇರಲಿ. ಅದರಲ್ಲಿ ಒಂದರ ಮರುದಿನ 110ರ ಆಸುಪಾಸಿನದು ಒಂದಿರಲಿ, ಅದೂ ಶುರುವಿನಲ್ಲೇ ಏರು ಇರುವಂಥದ್ದು. ಮೊದಲ 40 ಕಿ.ಮೀ. ಕಣಿವೆಯಲ್ಲೇ ಹೋಗುವ ಚಿಕ್ಕ ಸ್ಟೇಜ್ ಇಟ್ಟರೆ ದೊಡ್ಡ ತಂಡ ಹಿಡಿತಕ್ಕೆ ತಂದುಕೊಂಡು ಕೂರುತ್ತದೆ.

ಇದನ್ನು ಪರೀಕ್ಷಿಸಲು 2026ರ ಟೂರ್‌ಗೆ ಪ್ರಕಟವಾದ ಮಾರ್ಗ ಒಳ್ಳೆಯದು. ಕೊನೇ ಶುಕ್ರವಾರ ಗಾಪ್‌ನಿಂದ ಆಲ್ಪ್ ಡ್ಯುಯೆಜ್‌ಗೆ 128 ಕಿ.ಮೀ., 21 ತಿರುವುಗಳ ಹಳೆಯ ದಾರಿಯಲ್ಲಿ. ಶನಿವಾರ ಮತ್ತೆ ಅದೇ ಊರಿಗೆ, ಈ ಸಲ 171 ಕಿ.ಮೀ., ಕ್ರುವಾ ದ ಫೆರ್, ಟೆಲಿಗ್ರಾಫ್, ಗಾಲಿಬಿಯೇ ಹತ್ತಿ ಹಿಂಬದಿಯ ಸಾರೆನ್ ಘಾಟಿಯಿಂದ. ಒಟ್ಟು ಏರು ಸುಮಾರು 5,600 ಮೀಟರ್. ನಾನಾಗಿದ್ದರೆ ಎರಡನ್ನೂ ಅದಲು ಬದಲು ಮಾಡುತ್ತಿದ್ದೆ. ಉದ್ದದ್ದು ಶುಕ್ರವಾರ, ಚಿಕ್ಕದು ಶನಿವಾರ. ಈಗಿರುವ ಕ್ರಮದಲ್ಲಿ ಶುಕ್ರವಾರ ಎಲ್ಲರೂ ಶನಿವಾರಕ್ಕೆ ಕಾಲು ಉಳಿಸುತ್ತಾರೆ. ದಾಳಿ ಬಂದರೂ ಕೊನೆಯ ನಾಲ್ಕೈದು ಕಿ.ಮೀ.ನಲ್ಲಿ ಬರಬಹುದು. ಒಂಟಿ ಟೈಮ್ ಟ್ರಯಲ್ 26 ಕಿ.ಮೀ. ಮಾತ್ರ, ಜೊತೆಗೆ ಬಾರ್ಸಿಲೋನಾದಲ್ಲಿ ಮೊದಲ ದಿನ ತಂಡದ ಟೈಮ್ ಟ್ರಯಲ್. ಹಾಗಾಗಿ ಬರೀ ಟೈಮ್ ಟ್ರಯಲ್ ನಂಬಿದವರನ್ನು ನನ್ನ ಮೊದಲ ಗುಂಪಿಗೆ ಸೇರಿಸುವುದಿಲ್ಲ.

ನೀವು ಒಂದೇ ದಿನ ಪೂರ್ತಿ ನೋಡುವುದಾದರೆ ಶನಿವಾರ ನೋಡಿ. ನಮ್ಮ ಗಡಿಯಾರದಲ್ಲಿ ಟೂರ್ ಸ್ಟೇಜ್‌ಗಳು ರಾತ್ರಿ ಒಂಬತ್ತರ ಸುಮಾರಿಗೆ ಮುಗಿಯುತ್ತವೆ. ಹಾಗಾಗಿ ಸಂಜೆ ಚಹಾ ಮುಗಿಸಿ ಕೂತರೂ ಗಾಲಿಬಿಯೇ ಸಿಗುತ್ತದೆ. ಆ ಘಾಟಿಯ ಬುಡದಲ್ಲಿ ಹಳದಿ ಜೆರ್ಸಿಯ ಸುತ್ತ ಅವರ ತಂಡದವರು ಎಷ್ಟು ಜನ ಇದ್ದಾರೆ, ಎರಡನೇ ಸ್ಥಾನದವರ ತಂಡದಿಂದ ಮುಂದಿನ ಬ್ರೇಕ್‌ಅವೇಯಲ್ಲಿ ಯಾರಾದರೂ ಇದ್ದಾರಾ, ಇವೆರಡನ್ನು ಎಣಿಸಿಕೊಳ್ಳಿ. ಮುಂದೆ ಒಬ್ಬರಿದ್ದು, ಹಳದಿ ಜೆರ್ಸಿಯ ಜೊತೆ ಒಬ್ಬರೇ ಉಳಿದಿದ್ದರೆ, ಅಂತರ ಒಂದೂವರೆ ನಿಮಿಷದೊಳಗೆ ಇದ್ದರೆ, ನಾನು ಎರಡನೇ ಸ್ಥಾನದವರ ಮೇಲೆ ಪಣ ಕಟ್ಟುತ್ತೇನೆ.